ಬಿಳಿ ಗೆರೆಯ ಹಿಡಿ ಮತ್ತು ಮೂವತ್ತನಾಲ್ಕು ಎಂಬಿ

ಗೇರು ಬೀಳುವುದು ಕಣ್ಣಿಗೆ ಕಾಣಿಸಬೇಕು, ಕಿವಿಗೆ ಕೇಳಿಸಬೇಕು, ಎರಡೂ ಒಂದೇ ಹೊತ್ತಿಗೆ ಆಗಬೇಕು. ಆ ಒಂದು ವಾರ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ನಾನು ಆಗ ನಂಜನಗೂಡಿನಲ್ಲಿ ಮದುವೆ ವಿಡಿಯೋ ತೆಗೆದು, ಮಿಕ್ಸಿಂಗ್ ಮಾಡಿ ಕೊಡುತ್ತಿದ್ದೆ. ಪಕ್ಕದ ಬೀದಿಯ ಸೈಬರ್ ಸೆಂಟರಿಗೆ ಬ್ರಾಡ್‌ಬ್ಯಾಂಡ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಯಾರು ಬೇಕಾದರೂ ಇಂಟರ್ನೆಟ್ಟಿಗೆ ವಿಡಿಯೋ ಹಾಕಬಹುದು, ಪ್ರಪಂಚವೆಲ್ಲ ನೋಡುತ್ತದೆ ಅಂತ ಕೇಳಿದ್ದೆ. ಹಾಕಿ ನೋಡಿರಲಿಲ್ಲ.

ಒಂದು ಬೆಳಿಗ್ಗೆ ಅಂಗಡಿ ಮುಂದೆ ಹಳೆಯ ಬೈಕೊಂದು ಬಂದು ನಿಂತಿತು. ಮೇಲಿದ್ದವನು ಇಳಿಯಲಿಲ್ಲ. ಬಲಗಾಲು ನೆಲಕ್ಕೆ ಊರಿಕೊಂಡು ಒಳಗೆ ನೋಡಿ ಕೂಗಿದ.

"ಅಣ್ಣೋ, ಮದ್ವೆ ವಿಡಿಯೋ ಮಾಡೋರು ನೀವೇ ಅಲ್ವಾ?"

"ಊಂ ಕಣಪ್ಪ. ಯಾರ್ ಮದ್ವೆ?"

"ಇದ್ರುದ್ದು," ಅಂತ ಬೈಕಿನ ಟ್ಯಾಂಕ್ ತಟ್ಟಿ ನಕ್ಕ.

ಅವನು ಟಿ. ನರಸೀಪುರದಲ್ಲಿ ಸೋಸಲೆ ರಸ್ತೆ ಬದಿಗೆ ಶೆಡ್ ಹಾಕಿಕೊಂಡಿದ್ದ ಬೈಕ್ ಮೆಕ್ಯಾನಿಕ್. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿಗೆ ಬಲವಿರಲಿಲ್ಲ. ಬೈಕಿನ ಗೇರು ಹಾಕುವುದು ಎಡಗಾಲಿನಲ್ಲಿ. ಈತ ಬೈಕು ಓಡಿಸಿಕೊಂಡು ಮೂವತ್ತು ಕಿಲೋಮೀಟರ್ ದೂರದಿಂದ ಬಂದಿದ್ದ.

ಹೇಗೆ ಅಂತ ಬಗ್ಗಿ ನೋಡಿದೆ. ಎಡಗೈ ಹಿಡಿಯಲ್ಲಿತ್ತು ಗುಟ್ಟು. ಹಳೆಯ ಸ್ಕೂಟರಿನಲ್ಲಿ ಎಡಗೈ ಹಿಡಿ ತಿರುಗಿಸಿ ಗೇರು ಹಾಕುತ್ತಿದ್ದೆವಲ್ಲ, ಆ ಹಿಡಿಯನ್ನೇ ತಂದು ಬೈಕಿಗೆ ಕೂರಿಸಿ, ಎರಡು ಕೇಬಲ್ ಇಳಿಬಿಟ್ಟು, ಕೆಳಗಿನ ಗೇರ್ ಲಿವರಿಗೆ ಸೇರಿಸಿದ್ದ. ಕ್ಲಚ್ಚೂ ಅದೇ ಕೈಯಲ್ಲಿ. ಒಂದು ಕೇಬಲ್ ಲಿವರನ್ನು ಮೇಲೆ ಎಳೆದರೆ ಇನ್ನೊಂದು ಕೆಳಗೆ. ಬಿಟ್ಟರೆ ಸ್ಪ್ರಿಂಗು ಹಿಡಿಯನ್ನು ನಡುವಿಗೆ ತರುತ್ತದೆ. ಸೈಡ್ ಸ್ಟ್ಯಾಂಡಿಗೂ ಒಂದು ಬ್ರೇಕ್ ವೈರ್ ಕಟ್ಟಿ, ಕೂತಲ್ಲಿಂದಲೇ ಕೈಯಲ್ಲಿ ಎಳೆದು ಮೇಲೆತ್ತುತ್ತಿದ್ದ. ಆರ್‌ಟಿಒ ಆಫೀಸಿನಲ್ಲಿ ತೋರಿಸಿ ಲೈಸೆನ್ಸೂ ತೆಗೆದುಕೊಂಡಿದ್ದ.

ಅವನು ಬಂದ ಕಾರಣ ಬೇರೆ. ಬೈಕಿನಲ್ಲಿ ಊರೂರು ಸುತ್ತುವವರ ಒಂದು ಕ್ಲಬ್ಬಿತ್ತು. ವರ್ಷಕ್ಕೊಂದು ಸಲ ಮೈಸೂರಿನಿಂದ ಹೊರಟು, ನಂಜನಗೂಡು ದಾಟಿ, ಘಟ್ಟ ಇಳಿದು, ಐದು ದಿನದಲ್ಲಿ ಸಮುದ್ರ ಮುಟ್ಟಿ ಬರುತ್ತಿದ್ದರು. ಅವರಲ್ಲಿ ನಾಲ್ಕೈದು ಜನರ ಬೈಕು ರೆಡಿ ಮಾಡಿಕೊಡುತ್ತಿದ್ದವನು ಈ ಮೇಸ್ತ್ರಿಯೇ.

"ಎಂಟೊರ್ಸದಿಂದ ಬೇರೇರ್ ಗಾಡಿಗೆ ಎಣ್ಣೆ ಉಯ್ದು ಕಳಿಸ್ತಾ ಇವ್ನಿ ಕಣಣ್ಣ. ಗಾಡಿಗೊಳು ಸಮುದ್ರ ನೋಡ್ಕಂಡ್ ಬತ್ತವೆ, ನಾನ್ ಮಾತ್ರ ಅವುಕ್ಕೆ ಅಂಟಿರೋ ಮರಳ ತೊಳೀತೀನಿ. ಈ ಸಲ ನಾನೂ ಬತ್ತೀನಿ ಅಂದೆ."

ಕ್ಲಬ್ಬಿನವರು ಇಲ್ಲ ಅಂದಿರಲಿಲ್ಲ. ಆದರೆ ಅವರು ಒಬ್ಬೊಬ್ಬರು ಒಂದೊಂದು ಊರಿನವರು. ಎಲ್ಲರೂ ಒಪ್ಪಿದರೆ ಮಾತ್ರ ಹೊಸಬರಿಗೆ ಜಾಗ. ಘಟ್ಟದ ತಿರುವಿನಲ್ಲಿ ಒಬ್ಬ ಎಡವಿದರೆ ಹಿಂದಿನವರೂ ಬೀಳುತ್ತಾರೆ, ಅದೂ ನಿಜವೇ. ಒಂದು ವಿಡಿಯೋ ತೆಗೆದು ಇಂಟರ್ನೆಟ್ಟಿಗೆ ಹಾಕಿ, ಎಲ್ಲರೂ ನೋಡಿ ಹೇಳುತ್ತೇವೆ ಅಂದಿದ್ದರು. ನಿಂತ ಗಾಡಿ ಹೊರಡಿಸಬೇಕು, ನಾಲ್ಕು ಗೇರು ಹತ್ತಿಸಿ ಇಳಿಸಬೇಕು, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕು.

"ಇಷ್ಟೇನಾ," ಅಂದೆ ನಾನು. ಅಲ್ಲೇ ಎಡವಿದ್ದು.

ಮರುದಿನ ನರಸೀಪುರಕ್ಕೆ ಹೋಗಿ ಸೋಸಲೆ ರಸ್ತೆಯಲ್ಲಿ ಎಲ್ಲ ಕೋನದಿಂದ ಶೂಟ್ ಮಾಡಿಕೊಂಡು ಬಂದೆ. ಎರಡು ದಿನ ಕೂತು ಮಿಕ್ಸಿಂಗ್ ಮಾಡಿದೆ. ನನಗೆ ಗೊತ್ತಿದ್ದ ಕೆಲಸವನ್ನು ನನಗೆ ಗೊತ್ತಿದ್ದ ಹಾಗೆ ಮಾಡಿದೆ. ಬೈಕು ಬರುವಾಗ ಪುಟ ಮಗುಚುವ ಎಫೆಕ್ಟು, ಮೇಸ್ತ್ರಿ ಮುಖ ಹತ್ತಿರ ಬಂದಾಗ ಸ್ಲೋ ಮೋಷನ್, ಗೇರು ಹಾಕುವ ಕಡೆ ನಕ್ಷತ್ರ, ಕೊನೆಗೆ ಹೃದಯದ ಆಕಾರದೊಳಗೆ ಗಾಡಿ. ಇಂಜಿನ್ ಸದ್ದು ಗೊರಗೊರ ಅನ್ನುತ್ತಿತ್ತು, ತೆಗೆದುಹಾಕಿ ಹಿಂದೆ ನಾದಸ್ವರ ಕೂರಿಸಿದೆ. ಮೂರು ನಿಮಿಷ. ನೋಡಿ ನನಗೇ ಮೈ ಜುಮ್ಮೆಂದಿತು. ಸೈಬರಿಗೆ ಹೋಗಿ ಹಾಕಿಸಿದೆ.

ಸೋಮವಾರ ಕ್ಲಬ್ಬಿನವರ ಉತ್ತರ ಬಂತು, ಇಂಗ್ಲಿಷಿನಲ್ಲಿ. ಏಳನೇ ಕ್ಲಾಸಿಗೆ ಬಿಟ್ಟು, ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು ನಾನು. ಅಕ್ಷರ ಓದುತ್ತೇನೆ, ಮಾತು ನಿಧಾನವಾಗಿ ಹತ್ತುತ್ತದೆ. ಸೈಬರ್ ನಡೆಸುತ್ತಿದ್ದ ಅಕ್ಕ ಬಿ.ಎ. ಓದಿದವರು. ಅವರೇ ಬಿಡಿಸಿ ಹೇಳಿದರು.

"ತುಂಬಾ ಚೆನ್ನಾಗಿದೆಯಂತೆ. ಆದ್ರೆ..."

"ಆದ್ರೆ ಏನಕ್ಕ?"

"ಇದು ಸಿನಿಮಾ ಆಯ್ತು ಅಂತಾರೆ. ಕಟ್ ಮಾಡಿ ಕಟ್ ಮಾಡಿ ಸೇರ್ಸಿದೆ, ದೂರದ ಶಾಟಲ್ಲಿ ಬೇರೆಯವ್ರು ಓಡ್ಸಿದ್ರೂ ಗೊತ್ತಾಗಲ್ಲ. ಗೇರ್ ಹಾಕಿದ್ದು ಎಲ್ಲೂ ಕಾಣಲಿಲ್ಲ. ಭಾನುವಾರ ಸಾಯಂಕಾಲದೊಳಗೆ ಬೇರೆ ಹಾಕಿದ್ರೆ ನೋಡ್ತೀವಿ, ಇಲ್ಲಾಂದ್ರೆ ಮುಂದಿನ ವರ್ಷ."

ಮೇಸ್ತ್ರಿಯನ್ನು ಕರೆಸಿ ಅದೇ ಕಂಪ್ಯೂಟರಿನಲ್ಲಿ ವಿಡಿಯೋ ತೋರಿಸಿದೆ. ಅವನು ಕೊನೆವರೆಗೂ ನೋಡಿದ.

"ಅಣ್ಣೋ, ಬೇಜಾರ್ ಮಾಡ್ಕಬ್ಯಾಡಿ. ನಾನ್ ಗೇರಾಕೋ ಟೈಮ್ಗೆ ಸರ್ಯಾಗಿ ನೀವು ನಕ್ಷತ್ರ ಉದುರ್ಸಿದ್ದೀರಿ. ನಂಗೇ ಡೌಟ್ ಬಂದೋಯ್ತು, ನಾನೇ ಓಡ್ಸಿದ್ನಾ ಅಂತ."

ಅಕ್ಕ ಜೋರಾಗಿ ನಕ್ಕರು. ನನಗೂ ನಗು ಬಂತು. ಆದರೆ ಮೇಸ್ತ್ರಿಯ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. ಒಂದು ವರ್ಷ ಹೋಗುವುದು ನನ್ನ ನಕ್ಷತ್ರದಿಂದ.

ಆವತ್ತು ಸಾಯಂಕಾಲ ತೀರ್ಮಾನ ಮಾಡಿದೆ. ಕಟ್ ಮಾಡುವುದಿಲ್ಲ. ಮಿಕ್ಸಿಂಗ್ ಇಲ್ಲ, ಹಾಡಿಲ್ಲ. ಕ್ಯಾಮೆರಾ ಆನ್ ಮಾಡಿದರೆ ಎಲ್ಲ ಮುಗಿಯುವವರೆಗೆ ಆಫ್ ಮಾಡುವುದಿಲ್ಲ. ಹದಿನೈದು ವರ್ಷ ಕತ್ತರಿಸಿ ಅಂಟಿಸುವುದೇ ಕೆಲಸವಾಗಿದ್ದವನಿಗೆ ಇದು ಕೈ ಕಟ್ಟಿ ಹಾಕಿದಂತೆ. ಮೇಸ್ತ್ರಿಯ ಜೊತೆ ಲೆಕ್ಕ ಹಾಕಿದೆ. ಅವರು ಕೇಳಿದ್ದನ್ನೆಲ್ಲ ಒಂದೇ ಓಟದಲ್ಲಿ ಮಾಡಿದರೆ ಒಂಬತ್ತು ನಿಮಿಷ.

ಮುಂದೆ ಹೋಗುತ್ತಾ ಹಿಂದಕ್ಕೆ ತಿರುಗಿ ತೆಗೆಯಲು ಒಂದು ಗಾಡಿ ಬೇಕಿತ್ತು. ಹೆಡತಲೆ ಊರಿನ ಲಗೇಜ್ ಆಟೋದವನೊಬ್ಬ ಮದುವೆಗಳಿಗೆ ನನ್ನ ಲೈಟು ಸಾಮಾನು ಹೊರುತ್ತಿದ್ದ. ಒಳ್ಳೆಯ ಡ್ರೈವರ್. ಬಾಯಿ ಮಾತ್ರ ನಿಲ್ಲುವುದಿಲ್ಲ. ಅವನ ಆಟೋ ನಲವತ್ತರ ಮೇಲೆ ಓಡಿದರೆ ಬಾಗಿಲು ಕಳಚಿಕೊಳ್ಳುತ್ತದೆ. ಹಿಂದೆ ಹಲಗೆ ಮೇಲೆ ನಾನು ಕೂತೆ. ಆಟೋ ಸದ್ದಿನಲ್ಲಿ ಬೈಕಿನ ಗೇರು ಕೇಳುವ ಹಾಗಿರಲಿಲ್ಲ. ಅದಕ್ಕೆ ಪುರೋಹಿತರ ಶಲ್ಯಕ್ಕೆ ಸಿಕ್ಕಿಸುವ ಕಾರ್ಡ್‌ಲೆಸ್ ಮೈಕನ್ನು ಸ್ಪಂಜಿನಲ್ಲಿ ಸುತ್ತಿ ಬೈಕಿನ ಹ್ಯಾಂಡಲ್ ಕೆಳಗೆ ಕಟ್ಟಿದೆ. ಸದ್ದು ಗಾಳಿಯಲ್ಲೇ ನನ್ನ ಕ್ಯಾಮೆರಾಕ್ಕೆ ಬರುತ್ತದೆ.

"ಮಂತ್ರ ಏಳೋ ಮೈಕು," ಅಂದ ಆಟೋದವನು. "ಗಾಡಿಗೆ ಮಾಂಗಲ್ಯಂ ತಂತುನಾನೇನ ಏಳ್ಸಿ ಸಾ."

ಮಂಗಳವಾರ ಸೋಸಲೆ ರಸ್ತೆಯಲ್ಲಿ ಐದು ಸಲ ಓಡಿದೆವು. ಒಂದು ಸಲ ಕುರಿ ಹಿಂಡು ಬಂತು. ಒಂದು ಸಲ ಬಸ್ಸು ನಮ್ಮಿಬ್ಬರ ನಡುವೆ ತೂರಿತು. ಒಂದು ಸಲ ಏಳು ನಿಮಿಷ ಸರಿಯಾಗಿ ಆಗಿತ್ತು, ಮೇಸ್ತ್ರಿಗೆ ಯಾರೋ ಗಿರಾಕಿ ಸಿಕ್ಕಿ "ನನ್ ಗಾಡಿ ಆಯ್ತಾ?" ಅಂತ ಅಡ್ಡ ನಿಂತ. ಐದನೆಯದು ಪೂರ್ತಿ ಆಯಿತು.

ಇನ್ನು ಇಂಟರ್ನೆಟ್ಟಿಗೆ ಹಾಕುವುದು. ನನಗೆ ಗೊತ್ತಿದ್ದ ಫಾರ್ಮ್ಯಾಟು ಒಂದೇ, ಸೀಡಿಗೆ ಹಾಕುವುದು. ಮದುವೆ ಸೀಡಿ ಯಾವ ಪ್ಲೇಯರಿನಲ್ಲೂ ಓಡುತ್ತದೆ, ಇದೂ ಓಡಲಿ ಅಂತ ಹಾಗೇ ಮಾಡಿದೆ. ಒಂಬತ್ತು ನಿಮಿಷಕ್ಕೆ ತೊಂಬತ್ತು ಎಂಬಿ ಆಯಿತು. ಬುಧವಾರ ಸೈಬರಿನಲ್ಲಿ ಹಚ್ಚಿದೆವು. ಒಂದು ಗಂಟೆ ಆದರೂ, ಎಷ್ಟು ಹೋಯಿತೆಂದು ತೋರಿಸುವ ಪಟ್ಟಿ ಕಾಲು ಭಾಗ ದಾಟಲಿಲ್ಲ.

"ಕೆಳಗೆ ಇಳಿಸ್ಕೊಳ್ಳೋಕೆ ಇದು ಮೇನ್ ರೋಡು ಅಣ್ಣ," ಅಂದರು ಅಕ್ಕ. "ಮೇಲಕ್ಕೆ ಹತ್ತಿಸ್ಬೇಕು ಅಂದ್ರೆ ಓಣಿ. ಒಂದು ಸೆಕೆಂಡಿಗೆ ಐದು ಕೆಬಿ ಹೋದ್ರೆ ಪುಣ್ಯ."

ಹಚ್ಚಿ ಎರಡು ಗಂಟೆ ಆಗುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಮಲಗಿತು. ಹೋದಷ್ಟೂ ಹೋಯಿತು. ಮತ್ತೆ ಹಚ್ಚಿದರೆ ಮೊದಲಿನಿಂದ. ಆ ಬೇಸಿಗೆಯಲ್ಲಿ ಎರಡು ಗಂಟೆ ಕರೆಂಟು ಇದ್ದರೆ ಎರಡು ಗಂಟೆ ಇರುತ್ತಿರಲಿಲ್ಲ. ಜನರೇಟರ್ ಇಡೋಣವೆಂದರೆ ಮದುವೆ ಸೀಸನ್, ಊರಿನ ಜನರೇಟರೆಲ್ಲ ಛತ್ರಗಳಲ್ಲಿ ಇದ್ದವು.

ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ಎರಡು ಗಂಟೆ, ಸೆಕೆಂಡಿಗೆ ಐದು ಕೆಬಿ. ಮೂವತ್ತೈದು ಎಂಬಿ ದಾಟಿದರೆ ಹತ್ತುವುದಿಲ್ಲ. ತೊಂಬತ್ತನ್ನು ಮೂವತ್ತೈದಕ್ಕೆ ಇಳಿಸಬೇಕು. ಕತ್ತರಿ ಮುಟ್ಟುವ ಹಾಗಿಲ್ಲ.

ಗುರುವಾರ ಅಂಗಡಿ ಅರ್ಧ ಬಾಗಿಲು ಹಾಕಿ ಕೂತೆ. ಡಿಕ್ಷನರಿ ತೊಡೆ ಮೇಲೆ ಇಟ್ಟುಕೊಂಡು ಸಾಫ್ಟ್‌ವೇರಿನ ಹೆಲ್ಪ್ ಪುಟ ಓದಿದೆ. ಅದೇ ವಿಡಿಯೋದ ಒಂದು ನಿಮಿಷವನ್ನು ತೆಗೆದುಕೊಂಡು ಬೇರೆ ಬೇರೆ ಫಾರ್ಮ್ಯಾಟಿನಲ್ಲಿ ಮಾಡಿ, ನೋಟ್ ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಮೊಬೈಲಿಗೆ ಹಾಕುವ ತ್ರೀಜಿಪಿ ಬಹಳ ಚಿಕ್ಕದು, ಒಂಬತ್ತು ನಿಮಿಷ ಆರು ಎಂಬಿಯಲ್ಲಿ ಮುಗಿಯುತ್ತದೆ. ಆದರೆ ಮೇಸ್ತ್ರಿಯ ಕೈ ರಾಗಿ ಹಿಟ್ಟಿನ ಉಂಡೆಯ ಹಾಗೆ ಕಂಡಿತು. ಸೆಕೆಂಡಿಗೆ ಇಪ್ಪತ್ತೈದು ಚಿತ್ರದ ಬದಲು ಹನ್ನೆರಡು ಮಾಡಿದರೆ ಸೈಜು ಉಳಿಯುತ್ತದೆ ಅಂತ ಓದಿದೆ. ಮಾಡಿ ನೋಡಿದರೆ ಹಿಡಿ ತಿರುಗಿದ್ದೇ ಕಾಣಲಿಲ್ಲ. ಅವನು ಅಷ್ಟು ಚುರುಕಾಗಿ ತಿರುಗಿಸುತ್ತಿದ್ದ, ಎರಡು ಚಿತ್ರದ ನಡುವೆ ಕೆಲಸ ಮುಗಿದುಹೋಗುತ್ತಿತ್ತು. ಇಪ್ಪತ್ತೈದನ್ನೇ ಇಟ್ಟುಕೊಂಡೆ. ಅಗಲ ಎತ್ತರ ಕಡಿಮೆ ಮಾಡಿ ಮುನ್ನೂರಿಪ್ಪತ್ತು ಇನ್ನೂರನಲವತ್ತಕ್ಕೆ ತಂದೆ. ಸದ್ದು ಎರಡು ಕಿವಿಗೆ ಬೇಡ, ಒಂದೇ ಸಾಕು ಅಂದೆ. ಬೈಕು ಅಲುಗಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ ಬರುತ್ತಿತ್ತು. ಟೀವಿಯಲ್ಲಿ ಅದು ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ಕಾಣುತ್ತದೆ. ಅದನ್ನು ಅಳಿಸುವ ಬಟನ್ ಹುಡುಕಲು ಮಧ್ಯಾಹ್ನವಾಯಿತು.

ಕೊನೆಗೆ ಎರಡು ಉಳಿದವು. ಒಂದು ಡಬ್ಲ್ಯುಎಂವಿ, ಇನ್ನೊಂದು ಎಂಪೆಗ್-ಫೋರ್ ಮಾಡಿದ ಎವಿಐ. ಎರಡೂ ಒಂಬತ್ತು ನಿಮಿಷಕ್ಕೆ ಮೂವತ್ತನಾಲ್ಕು ಎಂಬಿ ಬರುತ್ತಿದ್ದವು. ನನ್ನ ಕಂಪ್ಯೂಟರಿನಲ್ಲಿ ಡಬ್ಲ್ಯುಎಂವಿಯೇ ಚಂದ. ಕಣ್ಣು ಮುಚ್ಚಿ ಅದನ್ನೇ ಆರಿಸುತ್ತಿದ್ದೆ. ಆದರೆ ನಕ್ಷತ್ರದ ಪೆಟ್ಟು ಇನ್ನೂ ಆರಿರಲಿಲ್ಲ. ಅಂಗಡಿಯಲ್ಲಿ ಚಂದ ಕಂಡದ್ದು ಅಲ್ಲಿ ಹೇಗೆ ಕಾಣುತ್ತದೋ ನೋಡೋಣ ಅಂತ ಎರಡರದ್ದೂ ಒಂದೊಂದು ನಿಮಿಷ ಸೈಬರಿಗೆ ತೆಗೆದುಕೊಂಡು ಹೋದೆ. ಮೇಸ್ತ್ರಿಯೂ ಬಂದ.

ಆ ವೆಬ್‌ಸೈಟು ನಾವು ಹಾಕಿದ್ದನ್ನು ಹಾಗೇ ಇಡುವುದಿಲ್ಲ, ತನ್ನದೇ ಫಾರ್ಮ್ಯಾಟಿಗೆ ಇನ್ನೊಂದು ಸಲ ಹಿಂಡುತ್ತದೆ ಅಂತ ಅವತ್ತು ಗೊತ್ತಾಯಿತು. ಒಗೆದು ಹಿಂಡಿದ ಬಟ್ಟೆಯನ್ನು ಇನ್ನೊಬ್ಬರು ಮತ್ತೆ ಹಿಂಡಿದ ಹಾಗೆ. ಮೊದಲು ಡಬ್ಲ್ಯುಎಂವಿ ನೋಡಿದೆವು. ಮೇಸ್ತ್ರಿ ಕಣ್ಣು ಕಿರಿದು ಮಾಡಿದ.

"ಇನ್ನೊಂದ್ ಸಲ ಆಕಿ. ಗೇರಾಕಿದ್ ಮ್ಯಾಲೆ ಟಕ್ ಅಂತದೆ. ನನ್ ಗಾಡಿ ಅಂಗನ್ನಲ್ಲ. ಆಕ್ತಾ ಇದ್ದಂಗೇ ಅನ್ನದು."

ನಿಜ. ಕೈ ತಿರುಗಿ ಅರ್ಧ ಸೆಕೆಂಡಾದ ಮೇಲೆ ಸದ್ದು. ನನ್ನ ಕಂಪ್ಯೂಟರಿನಲ್ಲಿ ಹಾಗಿರಲಿಲ್ಲ, ಎರಡನೇ ಹಿಂಡಿನಲ್ಲಿ ಜಾರಿತ್ತು. ಮೊದಲೇ ಅನುಮಾನ ಪಡುವವರು ಇದನ್ನು ನೋಡಿದರೆ, ಸದ್ದು ಆಮೇಲೆ ಸೇರಿಸಿದ್ದಾರೆ ಅನ್ನುತ್ತಾರೆ. ಎವಿಐ ಹಾಕಿದೆ. ಟಕ್ ಅನ್ನುವುದೂ ಕೈ ತಿರುಗುವುದೂ ಒಟ್ಟಿಗೆ ಬಂದವು. ಬಣ್ಣ ಸ್ವಲ್ಪ ಮಂಕು. ಇರಲಿ. ಫಾರ್ಮ್ಯಾಟು ಅಲ್ಲಿಗೆ ತೀರ್ಮಾನವಾಯಿತು.

ಆದರೆ ಮೇಸ್ತ್ರಿ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದ.

"ಎಲ್ಲಾ ಸರಿ, ನನ್ ಕೈ ಎಲ್ಲಣ್ಣ?"

ಕಪ್ಪು ಹಿಡಿ, ಗ್ರೀಸ್ ಹತ್ತಿದ ಕಪ್ಪು ಕೈ, ಹಿಂದೆ ಭತ್ತ ಕಬ್ಬು ಎಲ್ಲ ಸೇರಿ ಹಸಿರು ಕಪ್ಪು ಇಟ್ಟಿಗೆ ಜೋಡಿಸಿದಂತೆ ಕಾಣುತ್ತಿತ್ತು. ಹೆಲ್ಪ್ ಪುಟದಲ್ಲಿ ಓದಿದ್ದು ಆಗ ತಲೆಗೆ ಹತ್ತಿತು. ಇರುವ ಎಂಬಿಯಲ್ಲಿ ಅಲುಗಾಡುವುದಕ್ಕೆಲ್ಲ ಈ ಪ್ರೋಗ್ರಾಮು ಪಾಲು ಕೊಡಬೇಕು. ಗಾಡಿ ಓಡುವಾಗ ರಸ್ತೆ ಬದಿಯ ಕಬ್ಬಿನ ಒಂದೊಂದು ಗರಿಯೂ ಅಲುಗುತ್ತದೆ. ಇರುವ ಅನ್ನವನ್ನೆಲ್ಲ ಗರಿಗಳೇ ಉಂಡರೆ ಕೈಗೆ ಏನು ಉಳಿಯುತ್ತದೆ? ಇದನ್ನೇ ಮೇಸ್ತ್ರಿಗೆ ಹೇಳಿದೆ.

"ಅಂದ್ರೆ ಪಂಕ್ತಿಲಿ ಜನ ಜಾಸ್ತಿ ಆಯ್ತು," ಅಂದ ಅವನು. "ಗರಿ ಇಲ್ಲದ ಕಡೀಕೆ ಓಗಣ ಬುಡಿ. ಉಲ್ಲಳ್ಳಿ ನಾಲೆ ಏರಿ ಮ್ಯಾಲೆ ಏನದೆ? ನೀರು, ಆಕಾಶ."

"ಇರೋ ವಿಡಿಯೋನೇ ಬಿಟ್ಟು ಇನ್ನೊಂದ್ಸಲ ತೆಗೀಬೇಕಾ? ನಾಳೆ ಶುಕ್ರವಾರ ಕಣೋ."

"ನಿಮ್ ಕಂಪ್ಯೂಟ್ರು ಬದ್ಲಾಗಲ್ಲ ಅಂದ್ಮೇಲೆ ನಾವೇ ಬದ್ಲಾಗದು ಕಣಣ್ಣ."

ಇಷ್ಟು ಹೊತ್ತು ಫಾರ್ಮ್ಯಾಟಿಗೆ ವಿಡಿಯೋವನ್ನು ಕುಗ್ಗಿಸಲು ಒದ್ದಾಡುತ್ತಿದ್ದೆ. ಫಾರ್ಮ್ಯಾಟಿಗೆ ತಕ್ಕಂತೆ ಶೂಟಿಂಗನ್ನೇ ಮಾಡಬಹುದು ಅಂತ ನನಗೆ ಹೊಳೆದಿರಲಿಲ್ಲ. ಹೇಳಿದವನು ಕಂಪ್ಯೂಟರ್ ಮುಟ್ಟದ ಮನುಷ್ಯ.

ಶುಕ್ರವಾರ ಬೆಳಗಾಗುವ ಹೊತ್ತಿಗೆ ಹುಲ್ಲಹಳ್ಳಿ ನಾಲೆ ಹತ್ತಿರ ಸೇರಿದೆವು. ಮೇಸ್ತ್ರಿ ಗುರುತೇ ಸಿಗಲಿಲ್ಲ. ಮದುವೆಗೆ ಹೊಲಿಸಿದ್ದ ತುಂಬು ತೋಳಿನ ಬಿಳಿ ಶರ್ಟು. ಕೈಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು ಬಂದಿದ್ದ. ಅವನ ಹೆಂಡತಿ ಬೆರಳು ಬೆರಳು ಹಿಡಿದು ಉಜ್ಜಿದಳಂತೆ. ಇನ್ನೊಂದು ಕೆಲಸ ಮಾಡಿದ್ದ. ಕಪ್ಪು ಹಿಡಿಯ ಮೇಲೆ ಬಿಳಿ ಪೇಂಟಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಿದ್ದ. ಹಿಡಿ ತಿರುಗಿದರೆ ಗೆರೆ ಮೇಲೆ ಕೆಳಗೆ ಹೋಗುವುದು ಹತ್ತು ಮಾರು ದೂರಕ್ಕೂ ಕಾಣುತ್ತಿತ್ತು.

"ಗಡಿಯಾರದ ಮುಳ್ಳು," ಅಂದ. "ಎಷ್ಟು ಇಂಡಿದ್ರೂ ಇದು ಓಗಲ್ಲ."

ಆಟೋದವನಿಗೆ ಒಂಬತ್ತು ನಿಮಿಷ ಮಾತಾಡಬೇಡ, ತಿರುಗಿ ನೋಡಬೇಡ, ನಾನು ಹೇಳಿದಾಗ ನಿಲ್ಲಿಸು ಅಂದೆ.

"ಒಂಬತ್ ನಿಮಿಸ ಸುಮ್ಕೆ ಇದ್ರೆ ನಂಗೆ ಜ್ವರ ಬತ್ತದೆ ಸಾ," ಅಂದು ಎಲೆ ಅಡಿಕೆಯ ದೊಡ್ಡ ಉಂಡೆ ಮಾಡಿ ಬಾಯಿಗೆ ತುಂಬಿಕೊಂಡ. ಆಮೇಲೆ "ಊಂ ಊಂ" ಅಂತ ಕೈ ತೋರಿಸಿದ. ಹೊರಡೋಣ ಅಂತ.

ನಾನು ಆಟೋ ಹಲಗೆ ಮೇಲೆ ಬೋರಲು ಮಲಗಿ ಕ್ಯಾಮೆರಾ ಕೆಳಗಿಟ್ಟೆ. ಕೆಳಗಿನಿಂದ ನೋಡಿದರೆ ಮೇಸ್ತ್ರಿಯ ಹಿಂದೆ ಬರೀ ಆಕಾಶ. ಅವನು ಕಿಕ್ ಹೊಡೆದ, ವೈರ್ ಎಳೆದು ಸ್ಟ್ಯಾಂಡ್ ಎತ್ತಿದ. ಟಕ್, ಒಂದು. ಟಕ್, ಎರಡು. ಬಿಳಿ ಗೆರೆ ಜಿಗಿದು ಮತ್ತೆ ಜಾಗಕ್ಕೆ ಬರುತ್ತಿತ್ತು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಇನ್ನೊಂದು ಕೇಳಿಸಿತು. ಮೇಸ್ತ್ರಿ ಗಾಡಿಯ ಜೊತೆ ಮಾತಾಡುತ್ತಿದ್ದ.

"ಅಂಗೇ... ಅಂಗೇ ಕಣವ್ವ... ಮೂರಾಕ್ತೀನಿ ಈಗ... ಆಯ್ತು ನೋಡು."

ಆರು ನಿಮಿಷ ದಾಟಿತು. ಮೇಲಕ್ಕೆ ಹತ್ತುವ ಏರು ಬಂತು. ತುದಿಯಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿಕೊಂಡಿದ್ದೆವು, ಅಲ್ಲಿ ನಿಲ್ಲಿಸಿ ಹೊರಡುವುದೆಂದು. ನಮ್ಮ ಆಟೋ ಮೇಲೆ ಹತ್ತಿತು. ಮೇಸ್ತ್ರಿ ಇನ್ನೂ ಅರ್ಧ ಏರಿನಲ್ಲಿ ಇದ್ದ, ಬಹಳ ಕಡಿದಾದ ಜಾಗ. ಎಲ್ಲಿಂದಲೋ ಎರಡು ಎಮ್ಮೆ ನಾಲೆಯಿಂದ ಎದ್ದು, ನೀರು ಸೋರಿಸುತ್ತಾ ನಮ್ಮಿಬ್ಬರ ನಡುವೆ ಬಂದು ನಿಂತವು.

ನನ್ನ ಬೆರಳು ಬಟನ್ ಮೇಲೆ ಹೋಯಿತು. ಹಾಳಾಯಿತು, ಮತ್ತೆ ಮೊದಲಿನಿಂದ ಅಂತ. ಒತ್ತಲಿಲ್ಲ. "ನಿಲ್ಲಿಸು" ಅಂತ ಆಟೋದವನಿಗೆ ಮಾತ್ರ ಹೇಳಿದೆ.

ಮೇಸ್ತ್ರಿ ಮುಂದಿನ ಬ್ರೇಕ್ ಹಿಡಿದು ಬಲಗಾಲು ಊರಿದ. ಗಾಡಿ ಒಂದು ಗೇಣು ಹಿಂದಕ್ಕೆ ಜಾರಿ ನಿಂತಿತು. ಟಕ್ ಟಕ್ ಅಂತ ಒಂದನೇ ಗೇರಿಗೆ ಇಳಿಸಿದ. ಎಮ್ಮೆಗಳು ಅವನನ್ನು ನೋಡಿದವು. ಅವನು ಎಮ್ಮೆಗಳನ್ನು ನೋಡಿದ.

"ಬನ್ರವ್ವ, ನಿಧಾನುಕ್ ಬನ್ನಿ. ನಮ್ಗೇನು ಅರ್ಜೆಂಟು? ಸಮುದ್ರ ಎಲ್ಗೂ ಓಗಲ್ಲ."

ಒಂದು ಎಮ್ಮೆ ಬಾಲ ಬೀಸಿ ಬಿಳಿ ಶರ್ಟಿಗೆ ಕೆಸರು ಸಿಡಿಸಿ ಹೋಯಿತು. ಇನ್ನೊಂದು ಹಿಂಬಾಲಿಸಿತು. ಅವನು ಕ್ಲಚ್ಚು ಬಿಡುತ್ತಾ, ಬ್ರೇಕು ಸಡಿಲಿಸುತ್ತಾ, ಒಂದು ಬೆರಳಷ್ಟೂ ಹಿಂದಕ್ಕೆ ಜಾರದೆ ಮೇಲೆ ಬಂದ. ಕಲ್ಲಿನ ಹತ್ತಿರ ಮತ್ತೊಮ್ಮೆ ನಿಲ್ಲಿಸಿ ಹೊರಟ. ಹೇಳಿದ್ದನ್ನು ಮಾಡದೆ ಬಿಡುವವನಲ್ಲ.

ಆಟೋ ನಿಂತ ಮೇಲೆ ಡ್ರೈವರ್ ಬಾಗಿ ಉಗುಳಿ, ಹಿಡಿದಿಟ್ಟಿದ್ದನ್ನೆಲ್ಲ ಒಟ್ಟಿಗೆ ಬಿಟ್ಟ. "ಸಾ, ಕನ್ನಡೀಲಿ ನೋಡ್ತಿದ್ದೆ ಸಾ, ನನ್ ಜೀವಾನೇ ಓಗಿತ್ತು. ಅಡಿಕೆ ನುಂಗ್ಬುಟ್ಟೆ ಸಾ!"

ಕರೆಂಟು ಬಂದ ಹೊತ್ತು ನೋಡಿಕೊಂಡು ಅವತ್ತೇ ಎವಿಐ ಮಾಡಲು ಇಟ್ಟೆ. ಎರಡು ಸುತ್ತಿನ ವಿಧಾನ ಅಂತ ಒಂದಿತ್ತು. ಮೊದಲ ಸುತ್ತಿನಲ್ಲಿ ವಿಡಿಯೋ ಪೂರ್ತಿ ಓದಿಕೊಂಡು, ಎಲ್ಲಿ ಹೆಚ್ಚು ಬೇಕು ಎಲ್ಲಿ ಕಡಿಮೆ ಸಾಕು ಅಂತ ಲೆಕ್ಕ ಇಟ್ಟುಕೊಂಡು, ಎರಡನೇ ಸುತ್ತಿನಲ್ಲಿ ಹಂಚುತ್ತದೆ. ಅಡುಗೆ ಭಟ್ಟರು ಬಡಿಸುವ ಮುಂಚೆ ಪಂಕ್ತಿ ಎಣಿಸಿ ಬಂದ ಹಾಗೆ. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಮೂವತ್ತನಾಲ್ಕು ಎಂಬಿ.

ಶನಿವಾರ ಬೆಳಿಗ್ಗೆ ಆರರಿಂದ ಎಂಟು ಕರೆಂಟು. ಅಕ್ಕ ಐದೂಮುಕ್ಕಾಲಿಗೇ ಬಂದು ಬಾಗಿಲು ತೆಗೆದು, ನೀರು ಹಾಕಿ, ರಂಗೋಲಿ ಬಿಟ್ಟು, ಕಂಪ್ಯೂಟರಿಗೆ ಊದುಬತ್ತಿ ಹಚ್ಚಿದ್ದರು. ಉಳಿದ ಐದು ಕಂಪ್ಯೂಟರುಗಳ ವೈರ್ ಕಿತ್ತಿಟ್ಟಿದ್ದರು. ಇದ್ದ ಲೈನೆಲ್ಲ ನಮಗೇ ಸಿಗಲಿ ಅಂತ. ಮೇಸ್ತ್ರಿಯೂ ಆಟೋದವನೂ ಬಂದಿದ್ದರು. ಆರು ಗಂಟೆ ಒಂದು ನಿಮಿಷಕ್ಕೆ ಹಚ್ಚಿದೆವು.

ಏಳು ಗಂಟೆಗೆ ಅರ್ಧ ಆಗಿತ್ತು. ರೈಲು ಟಿಕೆಟ್ ನೋಡಬೇಕೆಂದು ಒಬ್ಬರು ಬಂದರು. ಅಕ್ಕ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. "ಎಂಟು ಗಂಟೆ ಮೇಲೆ ಬನ್ನಿ ಸಾರ್. ಒಳಗೆ ಹೆರಿಗೆ ಆಗ್ತಿದೆ."

ಏಳೂ ಐವತ್ತಕ್ಕೆ ನೂರಕ್ಕೆ ತೊಂಬತ್ತನಾಲ್ಕು ಭಾಗ. ಆಟೋದವನು ಅಡಿಕೆ ಅಗಿಯುವುದನ್ನೂ ಬಿಟ್ಟ. ಎಂಟಕ್ಕೆ ತೊಂಬತ್ತೊಂಬತ್ತು. ಫ್ಯಾನು ನಿಂತಿತು. ಯುಪಿಎಸ್ ಕೂಗಲು ಶುರುಮಾಡಿತು.

"ಓಗು ಕಣವ್ವ," ಅಂದ ಮೇಸ್ತ್ರಿ, ಕಂಪ್ಯೂಟರಿಗೆ. ನಾಲೆ ಏರಿ ಮೇಲೆ ಗಾಡಿಗೆ ಹೇಳಿದ ಅದೇ ದನಿ.

ಹೋಯಿತು. ಪೂರ್ತಿ ಹತ್ತಿದೆ ಅಂತ ಪರದೆ ಮೇಲೆ ಬಂದ ಮೇಲೂ ಯುಪಿಎಸ್ ಇನ್ನೂ ಕೂಗುತ್ತಿತ್ತು. ಆಟೋದವನು ಮೇಸ್ತ್ರಿಯನ್ನು ಸೊಂಟಕ್ಕೆ ಕೈ ಹಾಕಿ ಎತ್ತಿಬಿಟ್ಟ.

ಭಾನುವಾರ ಮಧ್ಯಾಹ್ನ, ಮದುವೆಯೊಂದರ ಊಟದ ಪಂಕ್ತಿ ತೆಗೆಯುತ್ತಿದ್ದಾಗ ಅಕ್ಕನ ಫೋನ್ ಬಂತು. ಉತ್ತರ ಓದಿ ಹೇಳಿದರು. ಎಲ್ಲರೂ ಒಪ್ಪಿದ್ದರು. ಗೇರಿನ ಬಗ್ಗೆ ನಾವು ತಲೆ ಕೆಡಿಸಿಕೊಂಡಿದ್ದೆವು, ಅವರನ್ನು ಒಪ್ಪಿಸಿದ್ದು ಎಮ್ಮೆಗಳು. "ಎಮ್ಮೆಗೆ ಯಾರೂ ರಿಹರ್ಸಲ್ ಮಾಡಿಸೋಕಾಗಲ್ಲ ಅಂತ ಬರ್ದಿದ್ದಾರೆ ಅಣ್ಣ. ಹಿಡಿ ಹೇಗೆ ಮಾಡಿದ್ದು ಅಂತ ಮೂರು ಜನ ಕೇಳಿದ್ದಾರೆ." ಕೊನೆಯಲ್ಲಿ ನನಗೂ ಒಂದು ಸಾಲಿತ್ತಂತೆ, ಯಾವ ಫಾರ್ಮ್ಯಾಟಿನಲ್ಲಿ ಹಾಕಿದಿರಿ, ನಮಗೂ ಹೇಳಿಕೊಡಿ ಅಂತ. ಸಾಯಂಕಾಲ ಸೈಬರಿಗೆ ಹೋಗಿ ಒಂದು ಬೆರಳಿನಲ್ಲಿ ನಾನೇ ಟೈಪ್ ಮಾಡಿದೆ. ಆರು ಸಾಲಿಗೆ ಒಂದು ಗಂಟೆ. ಅಕ್ಕ ತಿದ್ದಲು ಬಂದರು, ಬೇಡ ಅಂದೆ.

ಹೊರಡುವ ದಿನ ಕ್ಲಬ್ಬಿನ ಗಾಡಿಗಳು ಮೈಸೂರಿನಿಂದ ನಂಜನಗೂಡಿಗೆ ಬಂದವು. ಮೇಸ್ತ್ರಿ ಅಲ್ಲೇ ಸೇರಿಕೊಂಡ. ಅದೇ ಬಿಳಿ ಶರ್ಟು, ಎಮ್ಮೆ ಕೆಸರಿನ ಕಲೆ ಹೋಗಿರಲಿಲ್ಲ. ಅವನ ಹೆಂಡತಿ ಹಿಡಿಯ ಬಿಳಿ ಗೆರೆಗೆ ಕುಂಕುಮ ಇಟ್ಟಳು. ನಾನು ಮೈಕು ಕಟ್ಟಿ, ಆಟೋ ಹಲಗೆ ಮೇಲೆ ಬೋರಲು ಮಲಗಿದೆ. ಗುಂಡ್ಲುಪೇಟೆ ರಸ್ತೆಯಲ್ಲಿ ಆಟೋ ಮುಂದೆ, ಮೇಸ್ತ್ರಿ ಹಿಂದೆ. ಉಳಿದವರು ಒಬ್ಬೊಬ್ಬರಾಗಿ ಕೈ ಬೀಸಿ ನಮ್ಮನ್ನು ದಾಟಿ ಹೋದರು. ಅವನು ಸ್ವಲ್ಪ ದೂರ ನಮ್ಮ ಹಿಂದೆಯೇ ಬಂದ. ಆಮೇಲೆ ಕೂಗಿದ.

"ಅಣ್ಣೋ, ನಲವತ್ರಲ್ಲಿ ಓಡ್ಸಿ ಓಡ್ಸಿ ಸಾಕಾಯ್ತು, ಓಗ್ಬುಟ್ ಬತ್ತೀನಿ!"

ಬಿಳಿ ಗೆರೆ ಒಮ್ಮೆ ಜಿಗಿಯಿತು. ಅವನು ಕ್ಯಾಮೆರಾದ ಬದಿಯಿಂದ ಹಾದು ಹೊರಗೆ ಹೋದ. ಉಳಿದದ್ದು ಖಾಲಿ ರಸ್ತೆ.

"ಸಾ, ಮೇಸ್ತ್ರಿ ಓದ. ಇನ್ನೂ ಓಡ್ತಾ ಅದಾ ಕ್ಯಾಮ್ರಾ?"

"ಓಡ್ಲಿ ಬುಡು."

ಹೆಡ್‌ಫೋನಿನಲ್ಲಿ ಟಕ್ ಅಂತ ನಾಲ್ಕನೇ ಗೇರು ಬಿತ್ತು. "ಅಂಗೇ ಕಣವ್ವ, ಅಂಗೇ..." ಅನ್ನುವ ದನಿ ಸಣ್ಣದಾಗುತ್ತಾ, ಗಾಳಿಯ ಜೊತೆ ಸೇರಿ, ಬರೀ ಜೊಯ್ ಅನ್ನುವ ಸದ್ದಾಯಿತು. ಮೈಕು ಬಿಚ್ಚಿಕೊಳ್ಳಲು ಮರೆತಿದ್ದೆ ಅಂತ ಆಗ ನೆನಪಾಯಿತು. ಆ ವಾರ ಎರಡು ಮದುವೆಯಲ್ಲಿ ಪುರೋಹಿತರ ಮಂತ್ರ ದೂರದಿಂದಲೇ ರೆಕಾರ್ಡ್ ಮಾಡಿದೆ. ನನ್ನ ಮೈಕು ಸಮುದ್ರಕ್ಕೆ ಹೋಗಿತ್ತು.